ತೋಟಕ್ಕೂ ವಧುಪರೀಕ್ಷೆ

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನಮ್ಮಮ್ಮ ಪಕ್ಕದ ಮನೆಯಿಂದ ಎರಡು ಬಳೆ, ಎದುರು ಮನೆಯಿಂದ ಆರು ಸ್ಟೀಲ್ ತಟ್ಟೆ, ಮೇಷ್ಟ್ರ ಮನೆಯಿಂದ ಒಂದು ಜಮಖಾನ ತಂದಿದ್ದರು. ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದ ದೊಡ್ಡತ್ತೆಗೆ, "ಅವರು ಹೋಗೋ ತನಕ ಈಚೆ ಬರಬೇಡಿ ಅಕ್ಕಾ" ಎಂದು ಮೆಲ್ಲಗೆ ಹೇಳಿದ್ದರು. ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ಒಂದು ದೇವರನಾಮ ಹಾಡಿಸಿ ಕೇಳಿ, "ಕಾಗದ ಬರೀತೀವಿ" ಎಂದು ಎದ್ದು ಹೋದರು. ದೀಪ ಹಚ್ಚುವುದರೊಳಗೆ ಬಳೆ, ತಟ್ಟೆ, ಜಮಖಾನ ಅವರವರ ಮನೆ ಸೇರಿದ್ದವು.

ಇದೆಲ್ಲ ಮತ್ತೆ ನೆನಪಾದದ್ದು ನಲವತ್ತು ವರ್ಷದ ಮೇಲೆ. ಜೆ.ಪಿ. ನಗರದ ನಮ್ಮ ಬೀದಿಯ ತೋಟವನ್ನು ನೋಡಲು ಸ್ಪರ್ಧೆಯ ತೀರ್ಪುಗಾರರು ಬಂದು ಹೋಗಿದ್ದರು. ಸಂಜೆ ನರ್ಸರಿಯ ಟೆಂಪೋ ಬಂದು, ಬಾಡಿಗೆಗೆ ತಂದಿದ್ದ ಕುಂಡಗಳನ್ನು ಒಂದೊಂದಾಗಿ ಹೇರಿಕೊಳ್ಳುತ್ತಿತ್ತು. ಗೇಟಿನ ಹತ್ತಿರ ನಿಂತು ಲೆಕ್ಕ ಹಾಕುತ್ತಿದ್ದವಳು ನಾನೇ.

ಬೆಂಗಳೂರಿನ ಈ ದಕ್ಷಿಣದ ಬಡಾವಣೆಗಳಲ್ಲಿರುವ ನಮಗೆ ತೋಟದ ಸ್ಪರ್ಧೆ ಹೊಸದೇನಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನಮ್ಮ ಪಾಲಿಗೆ ಊರಹಬ್ಬವೇ. ಕೃಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಹುಟ್ಟಿದ ಮೈಸೂರು ಉದ್ಯಾನ ಕಲಾ ಸಂಘ ತೋಟಗಾರಿಕೆ ಇಲಾಖೆಯ ಜೊತೆ ಸೇರಿ ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯೋತ್ಸವಕ್ಕೊಂದು ಎಂದು ವರ್ಷಕ್ಕೆರಡು ಸಲ ಅದನ್ನು ನಡೆಸಿಕೊಂಡು ಬಂದಿದೆ. ಕೊರೊನಾದಿಂದ ನಿಂತಿದ್ದದ್ದು 2022ರ ಆಗಸ್ಟಿನಲ್ಲಿ ರಾಜ್‌ಕುಮಾರ್, ಪುನೀತ್ ಅವರ ನೆನಪಿನಲ್ಲಿ ಮತ್ತೆ ಶುರುವಾದಾಗ ಗಾಜಿನ ಮನೆಯ ಮುಂದಿನ ಜನಜಾತ್ರೆಯಲ್ಲಿ ನನ್ನ ಚಪ್ಪಲಿಯ ಉಂಗುಷ್ಠವೇ ಕಿತ್ತುಹೋಯಿತು. ಪ್ರದರ್ಶನದ ಜೊತೆಗೆ ಇಕೆಬಾನ, ತರಕಾರಿ ಕೆತ್ತನೆ, ಬೋನ್ಸಾಯ್ ಸ್ಪರ್ಧೆಗಳೂ ಇರುತ್ತವೆ. ಮನೆ, ಕಚೇರಿಗಳ ತೋಟಗಳಿಗೆ ಬಹುಮಾನಗಳೂ ಉಂಟು. ಇದನ್ನು ನೋಡಿಕೊಂಡೇ ಬೆಳೆದ ಊರಾದ್ದರಿಂದ ಕ್ಲಬ್ಬು, ಸಂಘ, ಅಪಾರ್ಟ್‌ಮೆಂಟು ಎಲ್ಲರೂ ತಮ್ಮತಮ್ಮ ಮಟ್ಟಕ್ಕೆ ಒಂದೊಂದು ತೋಟದ ಸ್ಪರ್ಧೆ ಇಟ್ಟುಕೊಂಡಿದ್ದಾರೆ. ನಾವು ಸೇರಿದ್ದೂ ಅಂಥದ್ದೇ ಒಂದಕ್ಕೆ. ಯಾರದು ಎಂದು ಹೇಳುವುದಿಲ್ಲ. ನಮ್ಮ ತಪ್ಪನ್ನು ಅವರ ತಲೆಗೆ ಕಟ್ಟಿದಂತಾದೀತು.

ನಮ್ಮ ತೋಟದ ಕತೆ ಇಷ್ಟು. ರಸ್ತೆ ತಿರುಗುವಲ್ಲಿ, ಲೇಔಟು ಮಾಡಿದವರು ಏನೂ ಮಾಡಲು ತೋಚದೆ ಬಿಟ್ಟಿದ್ದ ಮುಕ್ಕೋನೆಯ ತುಂಡು ಜಾಗವೊಂದಿತ್ತು. ಮನೆ ಕೆಡವಿದವರ ಇಟ್ಟಿಗೆ ಚೂರು, ಒಡೆದ ಟೈಲ್ಸು, ಹಳೇ ಹಾಸಿಗೆ ಎಲ್ಲ ಅಲ್ಲಿಗೇ ಬೀಳುತ್ತಿದ್ದವು. 2019ರ ಮಳೆಗಾಲದಲ್ಲಿ ಹನ್ನೊಂದು ಮಂದಿ ಹೆಂಗಸರು ಸೇರಿ ಅದನ್ನು ಗುಡಿಸಲು ಹೊರಟೆವು. ಸಂಘ ಎಂದು ಹೆಸರಿಟ್ಟದ್ದು ಆಮೇಲೆ. ಮೊದಲು ಇದ್ದದ್ದು ಒಂದು ಪಿಕಾಸಿ, ಮೂರು ಬಾಂಡ್ಲಿ ಮತ್ತು ಎಲ್ಲರ ಸೊಂಟನೋವು. ಕೆಳಗಿನ ಕೆಮ್ಮಣ್ಣು ಕಾಣಿಸುವುದಕ್ಕೇ ಒಂದು ತಿಂಗಳಾಯಿತು. ಬೀದಿಯ ಒಣಗಿದೆಲೆಯನ್ನು ಸುಡಲು ಬಿಡದೆ ತಂತಿಬಲೆಯ ಗೂಡಿನಲ್ಲಿ ತುಂಬಿ, ಮಜ್ಜಿಗೆ ನೀರು ಚಿಮುಕಿಸಿ, ಐದಾರು ತಿಂಗಳು ಕಾದು ಎಲೆಗೊಬ್ಬರ ಮಾಡಿಕೊಂಡೆವು. ಒಬ್ಬರ ಮನೆಯ ದಾಸವಾಳದ ಕಡ್ಡಿ, ಇನ್ನೊಬ್ಬರ ತವರಿನ ನಂದಬಟ್ಟಲು, ದೊಡ್ಡಪತ್ರೆ, ಒಂದೆಲಗ, ಕರಿಬೇವಿನ ಮರಿ. ದುಡ್ಡು ಕೊಟ್ಟು ತಂದದ್ದು ಬೇವಿನ ಹಿಂಡಿಯೊಂದೇ.

ಹನ್ನೆರಡನೆಯವಳು ಇಸ್ತ್ರಿಯಾಕೆ. ಅವಳ ಗಾಡಿ ನಿಲ್ಲುತ್ತಿದ್ದದ್ದೇ ಆ ತಿರುವಿನ ಹೊಂಗೆಮರದ ಕೆಳಗೆ. ಅವಳನ್ನು ನಾವ್ಯಾರೂ ಸಂಘಕ್ಕೆ ಕರೆಯಲಿಲ್ಲ, ಅವಳೂ ಕೇಳಲಿಲ್ಲ. ಬೆಳಿಗ್ಗೆ ಗಾಡಿ ತೆರೆಯುವ ಮುಂಚೆ ಎರಡು ಬಿಂದಿಗೆ ನೀರು ಹಾಕುವಳು. ಇಸ್ತ್ರಿಪೆಟ್ಟಿಗೆಯ ಇದ್ದಿಲ ಬೂದಿಯನ್ನು ಜರಡಿ ಹಿಡಿದು ಅವರೆ ಬಳ್ಳಿಯ ಹೇನಿನ ಮೇಲೆ ಉದುರಿಸುವಳು. ಬೇಲಿಯ ಪಕ್ಕದಲ್ಲಿ ನಾಲ್ಕು ಗಳ ನೆಟ್ಟು ಬಸಳೆ ಹಬ್ಬಿಸಿದವಳು ಅವಳೇ. 2020ರ ಲಾಕ್‌ಡೌನಿನಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ಬಟ್ಟೆ ಕೊಡುವವರಿಲ್ಲದೆ ಅವಳಿಗೆ ಕೆಲಸ ನಿಂತುಹೋಗಿತ್ತು. ಆದರೂ ದಿನಕ್ಕೊಮ್ಮೆ ಬಂದು ತೋಟಕ್ಕೆ ನೀರು ಹಾಕಿ, ಒಂದು ಕಟ್ಟು ಸೊಪ್ಪು ಕೊಯ್ದುಕೊಂಡು ಹೋಗುತ್ತಿದ್ದಳು. ಕಿಟಕಿಯಿಂದ ನೋಡುತ್ತಿದ್ದ ನಮಗೆ ಅದೊಂದು ಧೈರ್ಯ.

ಇಂಥ ತೋಟಕ್ಕೆ 2023ರ ಕೊನೆಯಲ್ಲಿ ಒಂದು ಫಾರಂ ಬಂತು. ಹಿಂದೆ ಅಂಕಗಳ ಪಟ್ಟಿ. ವಿನ್ಯಾಸಕ್ಕಿಷ್ಟು, ಬಣ್ಣಕ್ಕಿಷ್ಟು, ಬಗೆಬಗೆಯ ಗಿಡಗಳಿಗಿಷ್ಟು, ಹುಲ್ಲುಹಾಸಿಗಿಷ್ಟು, ಶುಚಿತ್ವಕ್ಕಿಷ್ಟು. ಪುಸ್ತಕ ವಿಮರ್ಶೆ ಮಾಡುವವರು ಒಂದೊಂದು ಸಾಲನ್ನೂ ಹಿಡಿದು ನೋಡುತ್ತಾರಲ್ಲ, ಹಾಗೆ ನಾನು ಆ ಪಟ್ಟಿಯನ್ನು ನೋಡಬೇಕಾಗಿತ್ತು. ಆಗ ನೋಡಲಿಲ್ಲ, ಈಗ ನೋಡುತ್ತಿದ್ದೇನೆ. ಅದರಲ್ಲಿದ್ದದ್ದೆಲ್ಲ ಕಣ್ಣಿಗೆ ಕಾಣುವಂಥದ್ದು, ಅದೂ ಒಂದು ಬೆಳಿಗ್ಗೆ ಹದಿನೈದು ನಿಮಿಷದಲ್ಲಿ ಕಾಣುವಂಥದ್ದು. ಮಣ್ಣು ಎಂಬ ಶಬ್ದ ಒಂದು ಕಡೆಯೂ ಇರಲಿಲ್ಲ. ನೀರು ಎಲ್ಲಿಂದ ಬರುತ್ತದೆ, ಯಾರು ಹಾಕುತ್ತಾರೆ ಎಂಬ ಪ್ರಶ್ನೆ ಇರಲಿಲ್ಲ. ತೋಟ ಎಷ್ಟು ವರ್ಷದ್ದು, ಮೊದಲು ಅಲ್ಲಿ ಏನಿತ್ತು ಎಂದು ಕೇಳಿರಲಿಲ್ಲ. ಹುಡುಗಿಯ ಬಣ್ಣ, ಎತ್ತರ, ಜಡೆಯುದ್ದ ಕೇಳಿ, ಅವಳಿಗೆ ಏನಿಷ್ಟ ಎಂದು ಕೇಳದೆ ಎದ್ದು ಹೋಗುವವರ ಪಟ್ಟಿಯೂ ಹೀಗೇ ಇರುತ್ತಿತ್ತು.

ಆದರೆ ಆಗ ನಮಗೆ ಹುರುಪೋ ಹುರುಪು. ಮುಂಭಾಗದ ಸೊಪ್ಪಿನ ಮಡಿಗಳು "ಲುಕ್ ಕೊಡೋಲ್ಲ" ಎಂದು ಯಾರೋ ಅಂದರು. ದಂಟು, ಸಬ್ಬಸಿಗೆ, ಒಂದೆಲಗ ಎಲ್ಲ ಕಿತ್ತು, ಚಾಪೆಯಂತೆ ಸುತ್ತಿ ತರುವ ಹುಲ್ಲನ್ನು ತಂದು ಹಾಸಿದೆವು. ಬಸಳೆ ಚಪ್ಪರ ಬಿಚ್ಚಿದೆವು. ನಲವತ್ತು ಕುಂಡ ಪೆಟೂನಿಯ, ಸಾಲ್ವಿಯ ಕೊಂಡು ತಂದೆವು. ಅಂದವಾದ ತಾಳೆ, ಕ್ರೋಟನ್, ಎಲೆಯ ಗಿಡಗಳು ಮೂರು ದಿನದ ಬಾಡಿಗೆಗೆ ಬಂದವು. ಮದುವೆಮನೆಗೆ ಸಿಗುವ ಹಾಗೆ ತೋಟಕ್ಕೂ ಗಿಡ ಬಾಡಿಗೆಗೆ ಸಿಗುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾವು ಮಾತ್ರ ಹೀಗೆ ಮಾಡಿದ್ದೆಂದು ನಾಚಿಕೆಪಟ್ಟುಕೊಳ್ಳುತ್ತಿದ್ದೆ. ನರ್ಸರಿಯವನು ನಕ್ಕು, "ಈ ತಿಂಗಳು ಪೂರ್ತಿ ಇದೇ ವ್ಯಾಪಾರ ಅಮ್ಮಾ" ಅಂದ.

ಇಸ್ತ್ರಿಯಾಕೆ ಹುಲ್ಲು ಹಾಸುವುದನ್ನು ನೋಡುತ್ತಾ, "ಅಕ್ಕ, ಇದನ್ನ ಯಾರು ತಿಂತಾರೆ? ಬೀದೀಲಿ ಹಸಾನೂ ಇಲ್ಲ" ಅಂದಳು. ನಾವೆಲ್ಲ ನಕ್ಕೆವು. ಆಮೇಲೆ ನಾನು ಅವಳ ಹತ್ತಿರ ಹೋಗಿ, ನಾಳೆ ಒಂದು ದಿನ ಗಾಡಿಯನ್ನು ಆಚೆ ಕ್ರಾಸಿಗೆ ತಳ್ಳಿಕೊಂಡು ಹೋಗಮ್ಮಾ, ದೊಡ್ಡವರು ಬರ್ತಾರೆ, ಅಂದೆ. ಹೇಳಲು ಬೇರೆಯವರಿಗೆ ಸಂಕೋಚವಾಗಿ ನನ್ನನ್ನು ಮುಂದೆ ದೂಡಿದ್ದರು ನಿಜ. ಆದರೆ ಮಾತು ನನ್ನ ಬಾಯಿಂದಲೇ ಬಂತು. "ಆಯ್ತಕ್ಕ" ಅಂದಳು. ಮಾರನೆಯ ದಿನ ಗಾಡಿ ಇರಲಿಲ್ಲ.

ನಮಗೆ ಎರಡನೆಯ ಬಹುಮಾನ ಬಂತು. ರೇಷ್ಮೆ ಸೀರೆಯುಟ್ಟು ಹನ್ನೊಂದು ಜನ ಕಪ್ಪು ಹಿಡಿದು ಫೋಟೋ ತೆಗೆಸಿಕೊಂಡೆವು. ಆ ಫೋಟೋ ನನ್ನ ಷೋಕೇಸಿನಲ್ಲಿದೆ. ದೊಡ್ಡತ್ತೆ ನಮ್ಮ ಮದುವೆಯ ಒಂದು ಫೋಟೋದಲ್ಲೂ ಇಲ್ಲ.

ಆಮೇಲೆ ಬಂದದ್ದು 2024ರ ಬೇಸಿಗೆ. ಆ ವರ್ಷವನ್ನು ಬೆಂಗಳೂರಿನ ಹೆಂಗಸರಿಗೆ ಯಾರೂ ವಿವರಿಸಬೇಕಾಗಿಲ್ಲ. ಬೋರುಗಳು ಬತ್ತಿ, ಟ್ಯಾಂಕರಿನವನನ್ನು ಅಳಿಯನಂತೆ ಓಲೈಸಿದ ತಿಂಗಳುಗಳು. ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಬಳಸಬಾರದು, ಬಳಸಿದರೆ 5000 ರೂಪಾಯಿ ದಂಡ ಎಂದು ಆಜ್ಞೆ ಹೊರಡಿಸಿತು. ನಾವು ಹಾಸಿದ ಹುಲ್ಲು ಮೊದಲ ವಾರದಲ್ಲೇ ಹಳದಿಯಾಗಿ, ಎರಡನೇ ವಾರ ತೆಂಗಿನ ನಾರಿನಂತಾಯಿತು. ಪೆಟೂನಿಯ ಹೇಗೂ ಚಳಿಗಾಲದ ಹೂವು, ಬಿಸಿಲು ಏರಿದರೆ ನಿಲ್ಲುವುದಲ್ಲ. ಜೊತೆಗೆ ನರ್ಸರಿಯವರು ತೂಕ ಕಡಿಮೆಯಾಗಲೆಂದು ತುಂಬಿದ್ದ ತೆಂಗಿನನಾರಿನ ಪುಡಿ ಪೂರ್ತಿ ಒಣಗಿಹೋಗಿತ್ತು. ಏಪ್ರಿಲಿಗೆ ನಲವತ್ತೂ ಖಾಲಿ ಕುಂಡಗಳು. ಉಳಿದದ್ದು ಯಾವುದು ಎಂದು ಕೇಳಿ. ದಾಸವಾಳ, ನಂದಬಟ್ಟಲು, ಕರಿಬೇವು, ಮೂಲೆಯಲ್ಲಿ ನಾವು ಕೀಳಲು ಮರೆತಿದ್ದ ದೊಡ್ಡಪತ್ರೆ. ಎಲೆಗೊಬ್ಬರ ಬಿದ್ದ ಮಣ್ಣಿನಲ್ಲಿ ಬೇರು ಇಳಿಸಿದ್ದವು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರಿನಲ್ಲೇ ಜೀವ ಹಿಡಿದುಕೊಂಡವು. ಕಳೆದುಕೊಂಡದ್ದು ಮುಂಭಾಗದ ಸೊಪ್ಪಿನ ಮಡಿಗಳು. ಆ ಮಣ್ಣನ್ನು ಹುಲ್ಲಿಗಾಗಿ ತಟ್ಟಿ ಗಟ್ಟಿ ಮಾಡಿದ್ದೆವಲ್ಲ, ಅದು ಹಪ್ಪಳದಂತೆ ಬಿರುಕು ಬಿಟ್ಟಿತ್ತು.

ಅದೇ ಏಪ್ರಿಲಿನಲ್ಲಿ ಇನ್ನೊಮ್ಮೆ ತೀರ್ಪುಗಾರರು ಬಂದಿದ್ದರೆ? ನನ್ನ ವಿಮರ್ಶೆಯೆಲ್ಲ ಇರುವುದು ಇಷ್ಟರಲ್ಲೇ. ತೋಟದ ಸ್ಪರ್ಧೆ ಒಂದು ದಿನವನ್ನು ಅಳೆಯುತ್ತದೆ. ತೋಟ ಇರುವುದು ಉಳಿದ ದಿನಗಳಲ್ಲಿ. ರಂಗೋಲಿ ಸ್ಪರ್ಧೆಗೆ ಒಂದು ದಿನ ಸಾಕು, ನಾಳೆ ಅದು ಹೇಗೂ ಅಳಿಸಿಹೋಗಬೇಕಾದದ್ದೇ. ಗಿಡ ಹಾಗಲ್ಲ. ಕೃಂಬಿಗಲ್ ಅವರನ್ನೇ ನೋಡಿ. ಡ್ರೆಸ್ಡನ್ ಹತ್ತಿರ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾ ಮಹಾರಾಜರ ಕೆಲಸ ಮುಗಿಸಿ 1908ರಲ್ಲಿ ಲಾಲ್‌ಬಾಗಿಗೆ ಬಂದವರು. ಒಂದು ಮರ ಹೂ ಮುಗಿಸುವಾಗ ಇನ್ನೊಂದು ಶುರುಮಾಡುವಂತೆ, ಊರಿನ ಬೀದಿಗಳಲ್ಲಿ ವರ್ಷವಿಡೀ ಸರದಿಯ ಮೇಲೆ ಹೂವಿರಬೇಕೆಂಬ ಯೋಚನೆಯನ್ನು ಈ ಊರಿಗೆ ತಂದ ಹೆಸರು ಅವರದು. ಚಳಿ ಮುಗಿಯುವಾಗ ಟಬೇಬುಯ, ಮಾರ್ಚಿಗೆ ಜಕರಾಂಡ, ಬಿರುಬಿಸಿಲಿಗೆ ಗುಲ್‌ಮೊಹರ್, ಮಳೆ ನಿಂತ ಮೇಲೆ ಆಕಾಶಮಲ್ಲಿಗೆ. ಇದಕ್ಕೆ ಅಂಕ ಹಾಕಬೇಕಾದರೆ ತೀರ್ಪುಗಾರರು ಜಯನಗರದಲ್ಲಿ ಒಂದು ವರ್ಷ ಬಾಡಿಗೆ ಮನೆ ಮಾಡಬೇಕು. 2009ರಲ್ಲಿ ಮೆಟ್ರೋಗಾಗಿ ಜಯನಗರದ ಲಕ್ಷ್ಮಣರಾವ್ ಉದ್ಯಾನದ ಸಾಲುಮರಗಳಿಗೆ ಕೊಡಲಿ ಬಿದ್ದಾಗ ಬೀದಿಗೆ ಬಂದು ನಿಂತವರಿದ್ದರು. ಮರ ಉಳಿಸಲು ಹೋದವರಿಗೆ ಯಾವ ಪಟ್ಟಿಯಲ್ಲೂ ಅಂಕವಿರಲಿಲ್ಲ. ಆ ಹೊತ್ತಿಗೆ ನಾನು ಮನೆಯಲ್ಲಿ ಗುಲಾಬಿ ಕುಂಡಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದೆ. ಇರಲಿ.

ಬಿಳಿಯರ ದೇಶದಲ್ಲಿ ಇದನ್ನು ಯೋಚಿಸಿದವರಿದ್ದಾರೆ. ಫ್ರಾನ್ಸಿನಲ್ಲಿ 1959ರಲ್ಲಿ ಹೂವಿನ ಊರುಗಳ ಸ್ಪರ್ಧೆ ಹುಟ್ಟಿತು. ಅದನ್ನು ಕಂಡು ಬಂದ ರಾಯ್ ಹೇ ಎಂಬ ತೋಟಗಾರಿಕೆಯ ಪತ್ರಕರ್ತರ ಒತ್ತಾಸೆಯಿಂದ 1964ರಲ್ಲಿ 'ಬ್ರಿಟನ್ ಇನ್ ಬ್ಲೂಮ್' ಶುರುವಾಯಿತು. ಊರೂರಿನ ಸ್ವಯಂಸೇವಕರು ಬೀದಿ, ಸ್ಟೇಷನ್ನು, ಚೌಕಗಳನ್ನು ಸಿಂಗರಿಸಿ ಪೈಪೋಟಿಗೆ ನಿಲ್ಲುತ್ತಾರೆ. ಮೊದಮೊದಲು ಅಲ್ಲೂ ತೂಗುಬುಟ್ಟಿಯ ಪೆಟೂನಿಯಗಳದೇ ದರ್ಬಾರು. 2002ರಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಅದನ್ನು ವಹಿಸಿಕೊಂಡಿತು. ಹೂವಿನ ಅಂದದ ಜೊತೆಗೆ ಪರಿಸರದ ಹೊಣೆಗೆ, ಊರವರ ಪಾಲ್ಗೊಳ್ಳುವಿಕೆಗೆ ಅಲ್ಲಿ ಬೇರೆಬೇರೆ ಅಂಕಗಳಿವೆ. 2006ರಲ್ಲಿ ಸಣ್ಣ ಬೀದಿಗುಂಪುಗಳಿಗೆಂದೇ ಇನ್ನೊಂದು ಬಾಗಿಲು ತೆರೆದರು. ಅಲ್ಲಿ ಗೆಲುವು ಸೋಲು ಇಲ್ಲ. ಬಂದು ನೋಡಿದವರು, ನಿಮ್ಮ ತೋಟ ಈಗ ನೆಲೆಯೂರುತ್ತಿದೆ, ಈಗ ಸುಧಾರಿಸುತ್ತಿದೆ, ಈಗ ಚೆನ್ನಾಗಿ ಬೆಳೆದಿದೆ ಎಂದು ಐದು ಹಂತಗಳಲ್ಲಿ ಒಂದನ್ನು ಬರೆದುಕೊಡುತ್ತಾರೆ. ಮುಂದಿನ ವರ್ಷ ನಿಮ್ಮನ್ನು ಹೋಲಿಸುವುದು ನಿಮ್ಮ ಹೋದ ವರ್ಷದ ಜೊತೆಗೇ ಹೊರತು ಪಕ್ಕದ ಬೀದಿಯ ಜೊತೆಗಲ್ಲ. ಸೊಸೆಯನ್ನು ನೆರೆಮನೆಯ ಸೊಸೆಗೆ ಹೋಲಿಸದ ಅತ್ತೆ ಎಲ್ಲಾದರೂ ಇದ್ದರೆ ಆಕೆ ಹೀಗೇ ಮಾಡುತ್ತಾಳೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಗೆ ಒಮ್ಮೆ ಹೋಗಿ ಬನ್ನಿ. ಲೇಖಕಿ ಉಷಾ ರಾಜಗೋಪಾಲನ್ ಮತ್ತು ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟು ಕಟ್ಟಿಕೊಂಡು ನೋಡಿಕೊಂಡು ಬಂದ ಕೆರೆ ಅದು. ಏರಿಯ ಮೇಲೆ ನೆಟ್ಟ ಗಿಡಗಳು ಈಗ ಮರವಾಗಿವೆ, ನೀರಕೋಳಿಗಳು ಮರಿ ಮಾಡುತ್ತವೆ. ಹಾಗೆಯೇ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಹೇಳಿಕೊಡುತ್ತಿದ್ದ ಡಾ. ಬಿ.ಎನ್. ವಿಶ್ವನಾಥ್ ಅವರು ಬೆಂಗಳೂರಿನವರಿಗೆ ತಾರಸಿಯ ಮೇಲೆ ವಿಷವಿಲ್ಲದ ತರಕಾರಿ ಬೆಳೆಯುವುದನ್ನು ವರ್ಷಗಟ್ಟಲೆ ಕಲಿಸಿದರು. ಅವರ ಬಳಗ 2011ರಿಂದ ನಡೆಸಿದ 'ಊಟ ಫ್ರಮ್ ಯುವರ್ ತೋಟ' ಮೇಳಗಳಿಗೆ ನಾನೂ ಒಂದೆರಡು ಸಲ ಹೋಗಿದ್ದೇನೆ. ಅಲ್ಲಿ ಹೆಂಗಸರು ಒಬ್ಬರ ತೋಟವನ್ನೊಬ್ಬರು ಸೋಲಿಸುವ ಮಾತಾಡುತ್ತಿರಲಿಲ್ಲ. "ನಿಮ್ಮ ಬದನೆಗೆ ಕಾಯಿಕೊರಕ ಬಂದಾಗ ಏನು ಹಾಕಿದಿರಿ?" ಎಂದು ಕೇಳುತ್ತಿದ್ದರು. ಒಬ್ಬರು ನನ್ನ ಕೈಗೆ ಕಾಗದದ ಪೊಟ್ಟಣದಲ್ಲಿ ಚಪ್ಪರದವರೆ ಬೀಜ ಇಟ್ಟು, ಮುಂದಿನ ಸಲ ಬರುವಾಗ ನಿಮ್ಮ ಬಳ್ಳಿಯ ಬೀಜ ತನ್ನಿ, ಅಂದರು. ಅಂಕದ ಪಟ್ಟಿ ಇಲ್ಲದೆಯೂ ಅವರಿಗೆ ಯಾರ ತೋಟ ಚೆನ್ನಾಗಿದೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು.

ಹಾಗೆಂದು ಸ್ಪರ್ಧೆಯೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಸಂಘದಲ್ಲಿ ಒಬ್ಬರಿದ್ದಾರೆ, ಯಜಮಾನರು ಹೋದ ಮೇಲೆ ಎರಡು ವರ್ಷ ಗೇಟಿನಾಚೆ ಬಂದವರಲ್ಲ. ಅವರನ್ನು ಹೊರಗೆ ತಂದದ್ದು ಆ ಫಾರಮ್ಮೇ. ಸಾಲ್ವಿಯ ಯಾವ ಸಾಲಿನಲ್ಲಿರಬೇಕೆಂದು ಅವರು ನನ್ನೊಡನೆ ಜಗಳವಾಡಿದ ದಿನ ಅವರ ಮಗಳು ನನಗೆ ಫೋನು ಮಾಡಿ, "ಆಂಟಿ, ಅಮ್ಮ ಜಗಳ ಆಡಿದ್ರಂತೆ, ಥ್ಯಾಂಕ್ಸ್" ಅಂದಳು. ಹೆಂಗಸರು ಮಾಡಿದ ಕೆಲಸಕ್ಕೆ ನಾಲ್ಕು ಜನರೆದುರು ಒಂದು ಕಪ್ಪು ಸಿಗುವುದು ಸಣ್ಣ ಸಂಗತಿಯೂ ಅಲ್ಲ. ಮನೆಯಲ್ಲಿ ಮೂವತ್ತು ವರ್ಷ ಮಾಡಿದ ಸಾರಿಗೆ ಯಾರು ಕೊಟ್ಟಿದ್ದರು? ನನ್ನ ತಕರಾರು ಕಪ್ಪಿನ ಬಗ್ಗೆ ಅಲ್ಲ. ಅದನ್ನು ಪಡೆಯುವುದಕ್ಕಾಗಿ ಬಸಳೆಯನ್ನು ಯಾಕೆ ಕಿತ್ತೆವು, ಗಾಡಿಯನ್ನು ಯಾಕೆ ತಳ್ಳಿಸಿದೆವು ಎಂಬುದರ ಬಗ್ಗೆ. ಪಟ್ಟಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನಾವಾಗಿಯೇ ಮಾಡಿದೆವು. ನಮ್ಮಮ್ಮನಿಗೂ ದೊಡ್ಡತ್ತೆಯನ್ನು ಒಳಗಿಡಿ ಎಂದು ಗಂಡಿನ ಕಡೆಯವರು ಹೇಳಿಕಳಿಸಿರಲಿಲ್ಲ.

2024ರ ಮುಂಗಾರು ಬಿದ್ದ ಮೇಲೆ ಒಣಹುಲ್ಲನ್ನು ಕಿತ್ತು ಗೊಬ್ಬರದ ಗೂಡಿಗೆ ಹಾಕಿದೆವು. ಇಸ್ತ್ರಿಯಾಕೆ ಎಲ್ಲಿಂದಲೋ ಒಂದು ಗೇಣುದ್ದದ ಬಸಳೆ ಕಡ್ಡಿ ತಂದಳು. ಅಂದು ಚಪ್ಪರ ಬಿಚ್ಚಿದಾಗ ತನ್ನ ಮನೆಯ ಹತ್ತಿರ ಡಾಲ್ಡಾ ಡಬ್ಬಿಯಲ್ಲಿ ನೆಟ್ಟುಕೊಂಡಿದ್ದಳಂತೆ. ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಈಗ ಅದು ಬೇಲಿಯನ್ನೆಲ್ಲ ಹಿಡಿದಿದೆ. ಕಳೆದ ವಾರ ಮಾಡಿದ ಬಸಳೆ ಹುಳಿಗೆ ಸೊಪ್ಪು ಅಲ್ಲಿಯದೇ.

ಮತ್ತೆ ಫಾರಂ ಬಂದಿದೆ. ಕಾರ್ಯದರ್ಶಿಗಳು ಫೋನು ಮಾಡಿ, ಈ ಸಲ ಮೊದಲನೇ ಬಹುಮಾನ ಬಿಡಬಾರದು ಕಣ್ರೀ, ಅಂದರು. ಸದಸ್ಯರ ಹೆಸರು ಬರೆಯುವ ಜಾಗದಲ್ಲಿ ಹನ್ನೆರಡು ಹೆಸರು ಬರೆದರೆ ಮಾತ್ರ ನಾನು ಸಹಿ ಹಾಕುತ್ತೇನೆ, ಗಾಡಿ ಎಲ್ಲಿದೆಯೋ ಅಲ್ಲೇ ಇರಬೇಕು, ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳನ್ನ ಕೇಳಿದ್ದೀರಾ?" ಅಂದರು. ಕೇಳಿರಲಿಲ್ಲ. ಸಂಜೆ ನಾಲ್ಕು ಸೀರೆ ಇಸ್ತ್ರಿಗೆ ಹಿಡಿದುಕೊಂಡು ಹೋಗಿ ಕೇಳಿದೆ. ಪೆಟ್ಟಿಗೆಯ ಕೆಂಡ ಊದುತ್ತಾ, "ಯೋಚ್ನೆ ಮಾಡಿ ಹೇಳ್ತೀನಿ ಬಿಡಕ್ಕ, ನೀವು ಹುಲ್ಲು ಹಾಕೋದಾದ್ರೆ ನಾನು ಬರಾಕಿಲ್ಲ" ಅಂದಳು.